ಯೆಜ್ಡಿ ಗೇರ್‌ಬಾಕ್ಸ್: ಕಾರ್ಖಾನೆ ಮುಚ್ಚಿದ ಮೇಲೂ ತಿರುಗ್ತಿರೋ ನಾಲ್ಕು ಗೇರು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಿಗೆ ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತ್ಕೊಂಡು ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ದಯವಿಟ್ಟು ನಿಲ್ಲಿಸಿ, ಮನೆಗೆ ಹೋಗಿ ಕೇಳಿ. ಬೈಕಿನ ವಿಷಯವೇ ಆದ್ರೂ ಹೆಲ್ಮೆಟ್ ಒಳಗೆ ಇಯರ್‌ಫೋನ್ ಬೇಡ.

ಇವತ್ತಿನ ಕಥೆ ಒಂದು ಸಣ್ಣ ಪ್ರಶ್ನೆಯಿಂದ ಶುರುವಾಗುತ್ತೆ. ಮನೇಲಿ ಅಜ್ಜನದ್ದೋ ದೊಡ್ಡಪ್ಪನದ್ದೋ ಒಂದು ಹಳೇ ಯೆಜ್ಡಿ ಇದೆ ಅಂತಿಟ್ಕೊಳ್ಳಿ. ಗೇರ್ ಹಾಕಿ ಆಕ್ಸಿಲರೇಟರ್ ತಿರುವಿದ ಕೂಡಲೇ 'ಟಕ್' ಅಂತ ಗೇರ್ ತಾನಾಗಿಯೇ ಬಿಟ್ಕೊಂಡುಬಿಡುತ್ತೆ. ಗಾಡಿ ನಿಂತಲ್ಲೇ ಅರಚುತ್ತೆ, ಮುಂದೆ ಹೋಗಲ್ಲ. ಗ್ಯಾರೇಜಿಗೆ ತಳ್ಕೊಂಡು ಹೋದ್ರೆ ಅಲ್ಲಿನವರು ಹೇಳೋ ಮಾತು ಒಂದೇ: "ಗೇರ್‌ಬಾಕ್ಸ್ ಹೋಗಿದೆ, ಎಂಜಿನ್ ಇಳಿಸ್ಬೇಕು."

ಹೋಗಿರೋದು ಗೇರ್‌ಬಾಕ್ಸು ತಾನೇ, ಎಂಜಿನ್ ಯಾಕೆ ಇಳಿಸ್ಬೇಕು? ಮೆಕ್ಯಾನಿಕ್ ದುಡ್ಡು ಕೀಳ್ತಿದ್ದಾನೆ ಅನ್ಸುತ್ತೆ. ಅವನದ್ದೇನೂ ತಪ್ಪಿಲ್ಲ. ಆ ತೀರ್ಮಾನ ಆಗಿದ್ದು ಎಂಬತ್ತು ವರ್ಷದ ಹಿಂದೆ, ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ.

ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಉದ್ಯಮಿ ಇದ್ದ. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿನ್ಯಾಸ ಕೊಂಡುಕೊಂಡ. ಅವನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿ ಜಾವಾ ಆಯ್ತು. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಆ ದೇಶ ಜರ್ಮನ್ನರ ಹಿಡಿತದಲ್ಲಿತ್ತು. ಬೈಕ್ ಮಾಡೋ ಹಾಗಿರಲಿಲ್ಲ. ಆದ್ರೂ ಅಲ್ಲಿನ ಎಂಜಿನಿಯರುಗಳು ಕದ್ದುಮುಚ್ಚಿ ಒಂದು 250 ಸಿಸಿ ಬೈಕಿನ ವಿನ್ಯಾಸ ಸಿದ್ಧಮಾಡಿಟ್ಟುಕೊಂಡಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್‌ನ ಪ್ರದರ್ಶನದಲ್ಲಿ ಅದನ್ನ ತಂದು ನಿಲ್ಲಿಸಿದರು. ನಮ್ಮ ಯೆಜ್ಡಿಯ ಮುತ್ತಜ್ಜ ಅದು.

ಈ ವಂಶದ ಬೈಕುಗಳಲ್ಲಿ ಎರಡು ಸಂಗತಿ ಗಮನಿಸ್ಬೇಕು. ಒಂದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಒಂದೇ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ. ಮುಂಭಾಗದಲ್ಲಿ ಕ್ರ್ಯಾಂಕು, ಹಿಂಭಾಗದಲ್ಲಿ ಗೇರುಗಳು. ಹೊರಗಿಂದ ನೋಡಿದ್ರೆ ನುಣುಪಾದ ಮೊಟ್ಟೆಯಾಕಾರ. ಈ ಪೆಟ್ಟಿಗೆ ಬಿಚ್ಚೋದು ಉದ್ದುದ್ದಕ್ಕೆ, ಕಡಲೆಕಾಯಿ ಬಿಡಿಸಿದ ಹಾಗೆ ಎಡ ಹೋಳು, ಬಲ ಹೋಳು. ಕ್ಲಚ್ ರಿಪೇರಿಗೆ ಪಕ್ಕದ ಮುಚ್ಚಳ ತೆಗೆದ್ರೆ ಸಾಕು. ಆದ್ರೆ ಗೇರು ಕೈಗೆ ಸಿಗಬೇಕು ಅಂದ್ರೆ ಸಿಲಿಂಡರ್ ತೆಗೀಬೇಕು, ಕ್ಲಚ್ ತೆಗೀಬೇಕು, ಮ್ಯಾಗ್ನೆಟ್ಟೋ ಡೈನಮೋನೋ ಇರೋದನ್ನ ತೆಗೀಬೇಕು, ಆಮೇಲೆ ಇಡೀ ಕಾಯಿ ಬಿಡಿಸ್ಬೇಕು.

ಎರಡು, ಎಡಗಾಲಿನ ಹತ್ತಿರದ ಆ ಒಂದೇ ಲಿವರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಬಿಟ್ರೆ ಗೇರ್ ಪೆಡಲ್. ಇದನ್ನ ಮೊದಲ ಸಲ ನೋಡಿದವರು ಕಿಕ್ಕರ್ ಎಲ್ಲಿ ಅಂತ ಗಾಡಿ ಸುತ್ತ ಹುಡುಕ್ತಾರೆ. ಜೊತೆಗೆ ಗೇರ್ ಲಿವರ್ ಒತ್ತಿದಾಗ ಅದೇ ಕ್ಲಚ್ಚನ್ನೂ ಬಿಡಿಸುತ್ತೆ. ಅಂದ್ರೆ ಹೊರಟ ಮೇಲೆ ಕೈಯಲ್ಲಿ ಕ್ಲಚ್ ಹಿಡಿಯದೇ ಗೇರ್ ಬದಲಿಸಬಹುದು. ಆ ಕಾಲಕ್ಕೆ ಇದು ದೊಡ್ಡ ಸುಖ.

ಈಗ ಇದು ಮೈಸೂರಿಗೆ ಬಂದಿದ್ದು ಹೇಗೆ ಅಂತ ನೋಡೋಣ. 1950ರ ದಶಕದಲ್ಲಿ ಬಾಂಬೆಯ ಐಡಿಯಲ್ ಮೋಟರ್ಸ್ ಜಾವಾ ಬೈಕುಗಳನ್ನ ಆಮದು ಮಾಡಿ ಮಾರುತ್ತಿತ್ತು. ಸರ್ಕಾರ ವಿದೇಶಿ ಬೈಕ್ ಆಮದಿಗೆ ತಡೆ ಹಾಕಿದಾಗ, ಮಾರಬೇಕು ಅಂದ್ರೆ ಇಲ್ಲೇ ತಯಾರಿಸ್ಬೇಕು ಅನ್ನೋ ಪರಿಸ್ಥಿತಿ ಬಂತು. ರುಸ್ತುಂ ಇರಾನಿ, ಫಾರೂಕ್ ಇರಾನಿ ಸೇರಿ ಐಡಿಯಲ್ ಜಾವಾ ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ. ಉದ್ಘಾಟಿಸಿದ್ದು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1961ರಿಂದ ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಹೆಸರು ಬದಲಾಯ್ತು, ಟ್ಯಾಂಕ್ ಬದಲಾಯ್ತು, ಆಮೇಲೆ ರೋಡ್‌ಕಿಂಗ್ ಬಂತು. ಆದ್ರೆ ಎಂಜಿನ್ನೂ ಗೇರುಗಳೂ ಒಂದೇ ಪೆಟ್ಟಿಗೆಯಲ್ಲಿರೋ ಆ ಪದ್ಧತಿ, ಆ ನಾಲ್ಕು ಗೇರು, ಆ ಒಂಟಿ ಲಿವರ್ ಹಾಗೇ ಉಳೀತು.

ಇಲ್ಲಿ ಬುಲೆಟ್ ಅಭಿಮಾನಿಗಳನ್ನೂ ಸ್ವಲ್ಪ ಒಳಗೆ ಕರ್ಕೊಳ್ಳೋಣ. 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಬುಲೆಟ್‌ನದ್ದು ಬೇರೆಯದೇ ಜಾತಕ. ಅದರ ಗೇರ್‌ಬಾಕ್ಸು ಬರ್ಮಿಂಗ್‌ಹ್ಯಾಮಿನ ಆಲ್ಬಿಯನ್ ಕಂಪನಿಯ ವಿನ್ಯಾಸ. ಬೇರೆಯೇ ಒಂದು ಡಬ್ಬಿ, ಎಂಜಿನ್ ಬೆನ್ನಿಗೆ ಬೋಲ್ಟ್ ಹಾಕಿ ಕೂರಿಸಿದ್ದು. ಗೇರ್ ಬಲಗಾಲಿಗೆ, ಪಕ್ಕದಲ್ಲಿ ನ್ಯೂಟ್ರಲ್ ಹುಡುಕೋಕೆ ಅಂತಲೇ ಇನ್ನೊಂದು ಪುಟ್ಟ ಲಿವರ್. ಅದು ಸವೆದ್ರೆ ಡಬ್ಬಿಯನ್ನೇ ಬದಲಿಸಬಹುದು. ಮುಂದೆ ಕಂಪನಿಯೇ ಎಡಗಾಲಿನ ಐದು ಗೇರಿನ ಡಬ್ಬಿ ತಂದಾಗ, ಹಳೇ ಬುಲೆಟ್ಟಿಗೆ ಅದನ್ನ ಹಾಕಿಸಿಕೊಂಡವರೂ ಇದ್ದಾರೆ. ಎಂಜಿನ್ ಅದೇ, ಎಂಜಿನ್ ನಂಬರ್ ಅದೇ, ಗೇರ್‌ಬಾಕ್ಸ್ ಮಾತ್ರ ಹೊಸದು.

ಯೆಜ್ಡಿಗೆ ಆ ಭಾಗ್ಯ ಇಲ್ಲ. ಬುಲೆಟ್‌ನಲ್ಲಿ 'ಬದಲಿಸೋದು' ಅನ್ನೋ ದಾರಿ ಇದೆ, ಯೆಜ್ಡಿಯಲ್ಲಿ 'ಮತ್ತೆ ಕಟ್ಟೋದು' ಒಂದೇ ದಾರಿ. ಗ್ಯಾರೇಜಿನಲ್ಲಿ ಕೇಳೋ ಆ ವಾಕ್ಯದ ಅರ್ಥ ಇಷ್ಟೇ.

ಸರಿ, ಗೇರ್ ಯಾಕೆ ಜಿಗಿಯುತ್ತೆ? ಗೇರಿನ ಹಲ್ಲು ಮುರಿದಿರುತ್ತೆ ಅಂತ ತುಂಬಾ ಜನ ಅಂದ್ಕೊಳ್ತಾರೆ. ಸಾಮಾನ್ಯವಾಗಿ ಹಾಗಿರಲ್ಲ. ಗೇರಿನ ಪಕ್ಕದ ಮುಖದಲ್ಲಿ ದಪ್ಪನೆಯ ಗಟ್ಟಿ ಮೊಳಕೆಗಳಂಥ ಭಾಗ ಇರುತ್ತೆ, ಅದಕ್ಕೆ ಡಾಗ್ ಅಂತಾರೆ. ನಾಯಿ ಅಲ್ಲ, ಆದ್ರೆ ಕೆಲಸ ಕಚ್ಚಿ ಹಿಡಿಯೋದೇ. ಶಾಫ್ಟಿನ ಮೇಲೆ ಒಂದು ಗೇರ್ ಜರುಗಿ ಬಂದು ಪಕ್ಕದ ಗೇರಿನ ಡಾಗ್‌ಗಳಿಗೆ ತನ್ನ ಡಾಗ್‌ಗಳನ್ನ ಸಿಕ್ಕಿಸಿಕೊಂಡಾಗ ಶಕ್ತಿ ಚಕ್ರಕ್ಕೆ ಹೋಗುತ್ತೆ. ಹಾಗೆ ಜರುಗಿಸೋದು ಶಿಫ್ಟ್ ಫೋರ್ಕ್ ಅನ್ನೋ ಕವಲುಕಡ್ಡಿ. ಡಾಗ್‌ಗಳ ಅಂಚು ಚೌಕವಾಗಿರೋವರೆಗೂ ಹಿಡಿತ ಬಿಗಿ. ಅಂಚು ಸವೆದು ದುಂಡಗಾಯ್ತು ಅಂದ್ರೆ, ಆಕ್ಸಿಲರೇಟರ್ ಕೊಟ್ಟಷ್ಟೂ ಒಂದನ್ನೊಂದು ದೂರ ತಳ್ಳುತ್ತೆ. ಅದೇ ಆ 'ಟಕ್'.

ಸವೆಯೋದು ಎಲ್ಲಿಂದ ಶುರು? ಒಂದು ಕಾರಣ ಆ ಸುಖದ ಕ್ಲಚ್ಚೇ. ಲಿವರ್ ಒತ್ತಿದಾಗ ಕ್ಲಚ್ ಪೂರ್ತಿ ಬಿಡೋ ಹಾಗೆ ಸ್ಕ್ರೂ ಹೊಂದಿಸಿರಬೇಕು. ಹೊಂದಾಣಿಕೆ ತಪ್ಪಿದ್ರೆ ಕ್ಲಚ್ ಅರ್ಧ ಹಿಡಿದಿರುವಾಗಲೇ ಗೇರ್ ಬದಲಾಗುತ್ತೆ, ಡಾಗ್‌ಗೆ ಡಾಗ್ ಡಿಕ್ಕಿ ಹೊಡೆಯುತ್ತೆ. ವರ್ಷಾನುಗಟ್ಟಲೆ ಹೀಗೆ ಡಿಕ್ಕಿ ಹೊಡೆದ್ರೆ ಅಂಚು ಉಳಿಯುತ್ತಾ?

ಇನ್ನೊಂದು ಕಾರಣ ಇದಕ್ಕಿಂತ ಮೋಸದ್ದು. ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಟೂ ಸ್ಟ್ರೋಕ್ ಎಂಜಿನ್ ಅಲ್ವಾ, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕ್ತೀವಿ. ಕ್ರ್ಯಾಂಕ್ ಇರೋ ಕೋಣೆಗೆ ಎಣ್ಣೆ ಸಿಗೋದು ಆ ಮಿಶ್ರಣದಿಂದ. ಗೇರ್‌ಬಾಕ್ಸ್ ಕೋಣೆಯ ಎಣ್ಣೆ ಬೇರೆ. ಎರಡೂ ಕೋಣೆ ಒಂದೇ ಮನೆಯಲ್ಲಿ, ನಡುವೆ ಕಾವಲಿಗಿರೋದು ಕ್ರ್ಯಾಂಕ್ ಶಾಫ್ಟಿನ ಕ್ಲಚ್ ಕಡೆಯ ಒಂದು ರಬ್ಬರ್ ಸೀಲ್. ಬೈಕ್ ವರ್ಷಗಟ್ಟಲೆ ನಿಂತಿದ್ರೆ ಆ ರಬ್ಬರ್ ಒಣಗಿ ಗಡುಸಾಗುತ್ತೆ. ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್ ಕೋಣೆಯಲ್ಲಿ ನಿರ್ವಾತ ಉಂಟಾಗಿ ಗೇರ್ ಆಯಿಲ್ಲನ್ನ ಒಳಗೆ ಎಳ್ಕೊಳ್ಳುತ್ತೆ, ಸುಟ್ಟು ಸೈಲೆನ್ಸರ್‌ನಿಂದ ಹೊರಗೆ ಬಿಡುತ್ತೆ. ಬೀದಿ ತುಂಬಾ ದಟ್ಟ ಹೊಗೆ. "ಹಳೇ ಟೂ ಸ್ಟ್ರೋಕ್ ಅಂದ್ರೆ ಹೊಗೆ ಇರುತ್ತೆ ಬಿಡಿ" ಅಂತ ನಾವು ಸುಮ್ನಾಗ್ತೀವಿ, ಇಲ್ಲಾ ಪಿಸ್ಟನ್ನು ರಿಂಗು ಬದಲಿಸಿ ದುಡ್ಡು ಕಳೀತೀವಿ. ಅಷ್ಟರಲ್ಲಿ ಗೇರುಗಳು ಎಣ್ಣೆಯಿಲ್ಲದೆ ಒಣ ಲೋಹಕ್ಕೆ ಒಣ ಲೋಹ ತಿಕ್ಕಿಕೊಂಡು ಹಾಳಾಗ್ತಿರುತ್ತವೆ. ಬೆಲೆಯಲ್ಲಿ ಅತಿ ಅಗ್ಗದ ಭಾಗ, ಕೊಲ್ಲೋದು ಅತಿ ದುಬಾರಿ ಭಾಗವನ್ನ.

ಕಾರ್ಖಾನೆ ಇದ್ದ ಕಾಲದಲ್ಲಿ ಇದೇನೂ ದೊಡ್ಡ ವಿಷಯ ಆಗಿರಲಿಲ್ಲ. ಡೀಲರ್ ಹತ್ರ ಹೊಸ ಗೇರ್ ಸಿಗ್ತಿತ್ತು. ಆದ್ರೆ 1980ರ ದಶಕದ ಮಧ್ಯದಲ್ಲಿ ಜಪಾನ್ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು: ಇಂಡ್ ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100. ಕಡಿಮೆ ತೂಕ, ಕಡಿಮೆ ಪೆಟ್ರೋಲ್. ಮೇಲಿಂದ ಹೊಗೆ ನಿಯಮಗಳು ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತುಹೋಯ್ತು. ಕಂಪನಿಯ ಘೋಷವಾಕ್ಯ 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಅಂತಿತ್ತು. ಬೈಕು ಫಾರೆವರ್ ಆಯ್ತು, ಕಂಪನಿ ಆಗಲಿಲ್ಲ. ಐದು ವರ್ಷದ ಮೇಲೆ, 2001ರಲ್ಲಿ, ಹೈಕೋರ್ಟ್ ಆದೇಶದಂತೆ ಕಂಪನಿ ಸಮಾಪನಕ್ಕೆ ಹೋಯ್ತು.

ಅಲ್ಲಿಂದಾಚೆಗೆ ಯೆಜ್ಡಿಯ ಒಂದೊಂದು ಬಿಡಿಭಾಗದ ಹಣೆಬರಹವೂ ಬೇರೆ ಬೇರೆ ಆಯ್ತು. ಈ ಸಂಚಿಕೆಯಲ್ಲಿ ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಇದೇ. ಬೇರಿಂಗ್ ತಗೊಳ್ಳಿ. ಬೇರಿಂಗಿನ ಅಳತೆಗೆ ಅಂತರರಾಷ್ಟ್ರೀಯ ಮಾನದಂಡ ಇದೆ. ಹಳೇ ಬೇರಿಂಗಿನ ಅಂಚಿನ ಮೇಲೆ ಕೊರೆದಿರೋ ನಂಬರ್ ಓದಿ ಹೇಳಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅಂಗಡಿಯವರು ಹೊಸದು ತೆಗೆದುಕೊಡ್ತಾರೆ. ಯೆಜ್ಡಿ ಅಂತ ಹೆಸರು ಹೇಳೋ ಅಗತ್ಯವೂ ಇಲ್ಲ. ಆಯಿಲ್ ಸೀಲ್ ಕೂಡ ಹಾಗೇ, ಒಳ ವ್ಯಾಸ, ಹೊರ ವ್ಯಾಸ, ದಪ್ಪ ಗೊತ್ತಿದ್ರೆ ಹುಡುಕಬಹುದು. ಗ್ಯಾಸ್ಕೆಟ್ಟನ್ನ ಹಾಳೆಯಿಂದ ಕತ್ತರಿಸ್ಕೊಳ್ಳಬಹುದು. ಇವಕ್ಕೆಲ್ಲ ಕಾರ್ಖಾನೆ ಬೇಕಿಲ್ಲ.

ಆದ್ರೆ ಗೇರು, ಶಾಫ್ಟು, ಫೋರ್ಕು, ಕಿಕ್ಕರಿನ ರ್‍ಯಾಚೆಟ್ಟು? ಇವು ಆ ಬೈಕಿಗೆ ಮಾತ್ರ ಹುಟ್ಟಿದವು. ಇವುಗಳಿಗೆ ಗೂಡಂಗಡಿ, ಗುಜರಿ, ಹಳೇ ಡೀಲರ್ ಗೋಡೌನಿನ ಮೂಲೆಯೇ ಗತಿ. ಚೆಕ್ ದೇಶದಲ್ಲಿ ಹಳೇ ಜಾವಾ ರಿಪೇರಿ ಮಾಡಿ ಓಡಿಸೋರು ಬಹಳ ಇರೋದ್ರಿಂದ ಅಲ್ಲಿ ಹೊಸದಾಗಿ ಭಾಗಗಳನ್ನ ಮಾಡ್ತಾರೆ. 1960ರ ದಶಕದ ಮೈಸೂರು ಜಾವಾಗಳಿಗೆ ಅವುಗಳಲ್ಲಿ ಕೆಲವು ಹೊಂದುತ್ತವೆ. ಆದ್ರೆ ನಂತರದ ಯೆಜ್ಡಿಗೆ ಕಣ್ಣು ಮುಚ್ಚಿ ತರಿಸೋಕಾಗಲ್ಲ, ಹಲ್ಲು ಎಣಿಸಿ, ಅಳತೆ ಹಿಡಿದು ನೋಡ್ಲೇಬೇಕು.

ಹಾಗಾದ್ರೆ ಸವೆದ ಡಾಗ್‌ಗೆ ವೆಲ್ಡಿಂಗ್ ಹೊಡೆಸಿ, ಗ್ರೈಂಡ್ ಮಾಡಿಸಿ ಹಾಕಿದ್ರೆ? ಬಹಳ ಕಡೆ ಮಾಡ್ತಾರೆ. ನನ್ನ ಮಟ್ಟಿಗೆ ಅದು ದುಡ್ಡು ದಂಡ. ಕಾರಣ ಇದೆ. ಗೇರನ್ನ ಪೂರ್ತಿ ಗಡುಸು ಉಕ್ಕಿನಲ್ಲಿ ಮಾಡಲ್ಲ, ಪೂರ್ತಿ ಗಡುಸಾದ್ರೆ ಗಾಜಿನ ಹಾಗೆ ಒಡೆಯುತ್ತೆ. ಒಳಗೆ ಸ್ವಲ್ಪ ಮೆದು, ಹೊರಗೆ ಮಾತ್ರ ತೆಳ್ಳಗಿನ ಗಡುಸು ಚರ್ಮ. ಉಕ್ಕಿನ ಮೇಲ್ಮೈಗೆ ಇಂಗಾಲ ಕುಡಿಸಿ, ಕಾಯಿಸಿ, ತಟ್ಟನೆ ತಣಿಸಿ ಆ ಚರ್ಮ ತರಿಸ್ತಾರೆ. ನಿಪ್ಪಟ್ಟಿನ ಥರ ಅಲ್ಲ, ಹೋಳಿಗೆಯ ಥರವೂ ಅಲ್ಲ, ತೆಂಗಿನಕಾಯಿ ಥರ ಅಂತಿಟ್ಕೊಳ್ಳಿ. ಆ ಚರ್ಮ ಸವೆದ ಮೇಲೆ ಒಳಗಿನ ಮೆದು ಲೋಹ ಬಹಳ ಬೇಗ ಸವೆಯುತ್ತೆ. ವೆಲ್ಡಿಂಗ್ ಬಿಸಿಗೆ ಸುತ್ತಮುತ್ತ ಉಳಿದಿದ್ದ ಗಡುಸೂ ಹೋಗುತ್ತೆ. ಹೊರಗೆ ಹೊಳೆಯೋ ಡಾಗ್ ಕೆಲವೇ ತಿಂಗಳಲ್ಲಿ ಮತ್ತೆ ದುಂಡಗಾಗುತ್ತೆ, ಆಗ ಮತ್ತೆ ಕಾಯಿ ಬಿಡಿಸ್ಬೇಕು. ಸವೆತ ಇನ್ನೂ ಅಂಚಿನಲ್ಲೇ ಇದ್ರೆ ಮಾತ್ರ ಡಾಗ್‌ನ ಮುಖವನ್ನ ಸ್ವಲ್ಪ ಒಳಮುಖ ಇಳಿಜಾರಾಗಿ ಉಜ್ಜಿಸೋದುಂಟು. ಆಗ ಎರಡು ಡಾಗ್ ಒಂದನ್ನೊಂದು ತಳ್ಳೋ ಬದಲು ಎಳ್ಕೊಳ್ಳುತ್ತವೆ. ರೇಸಿಂಗ್‌ನವರಿಗೆ ಗೊತ್ತಿರೋ ಉಪಾಯ. ಆದ್ರೆ ನುರಿತ ಕೈ ಬೇಕು, ಗಡುಸು ಚರ್ಮ ಉಳಿಯೋಷ್ಟೇ ಉಜ್ಜಬೇಕು.

ಇನ್ನು ಕಟ್ಟೋ ಕೆಲಸ. ಕಾಯಿ ಬಿಡಿಸುವಾಗ ಎರಡು ಹೋಳಿನ ನಡುವೆ ಸ್ಕ್ರೂಡ್ರೈವರ್ ತುರುಕಿ ಎಬ್ಬೋದನ್ನ ನೋಡಿದ್ರೆ ತಡೀರಿ, ಅದು ನಿಮ್ಮ ಗಾಡಿ ಆಗಿರದಿದ್ರೂ ತಡೀರಿ. ಆ ಮುಖದಲ್ಲಿ ಒಂದು ಗೀರು ಬಿದ್ರೆ ಬರೀ ಎಣ್ಣೆ ಸೋರಲ್ಲ. ಟೂ ಸ್ಟ್ರೋಕಿನ ಕ್ರ್ಯಾಂಕ್ ಕೋಣೆಗೆ ಗಾಳಿ ಆಡಬಾರದು. ಗೀರಿನಿಂದ ಗಾಳಿ ನುಗ್ಗಿದ್ರೆ ಮಿಶ್ರಣ ತೆಳುವಾಗಿ ಪಿಸ್ಟನ್ ಜಾಮ್ ಆಗಬಹುದು. "ಗೇರ್‌ಬಾಕ್ಸ್ ಮಾಡಿಸ್ದೆ, ವಾರಕ್ಕೇ ಪಿಸ್ಟನ್ ಸೀಜ್ ಆಯ್ತು" ಅನ್ನೋ ಗೋಳಿನ ಹಿಂದೆ ಬಹಳ ಸಲ ಇಂಥದ್ದೇ ಒಂದು ಗೀರು ಇರುತ್ತೆ.

ಬೇರಿಂಗ್ ತೆಗೆಯೋಕೆ ಸುತ್ತಿಗೆ ಬೇಡ, ಬಿಸಿ ಸಾಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ. ಕೇಸನ್ನ ಸಮನಾಗಿ ಸುಮಾರು 100 ಡಿಗ್ರಿವರೆಗೆ ಕಾಯಿಸಿ, ಒಂದು ಹನಿ ನೀರು ಹಾಕಿದ್ರೆ ಚುಂಯ್ ಅನ್ನಬೇಕು. ಆಗ ತಲೆಕೆಳಗು ಮಾಡಿ ಮರದ ತುಂಡಿನ ಮೇಲೆ ತಟ್ಟಿದ್ರೆ ಬೇರಿಂಗ್ ತಾನಾಗಿ ಬೀಳುತ್ತೆ. ಶಾಫ್ಟಿನ ತುದಿಗಳಲ್ಲಿರೋ ತೆಳು ಶಿಮ್ ವಾಷರ್‌ಗಳನ್ನ ಎಲ್ಲಿಂದ ತೆಗೆದ್ರೋ ಅಲ್ಲೇ ಹಾಕ್ಬೇಕು. ಇಲ್ಲಿ ಮಾತ್ರ ನಮ್ಮ ತಲೆಮಾರಿಗೆ ಹಿಂದಿನವರಿಗಿಲ್ಲದ ಅನುಕೂಲ ಇದೆ, ಕೈಯಲ್ಲಿ ಫೋನ್ ಇದೆ. ಒಂದೊಂದು ಹೆಜ್ಜೆಗೂ ಒಂದೊಂದು ಫೋಟೋ ತೆಗೀರಿ. ಕೊನೆಗೆ ಎರಡು ಹೋಳು ಸೇರಿಸೋ ಮುಂಚೆ ಕೈಯಲ್ಲೇ ಶಾಫ್ಟ್ ತಿರುಗಿಸ್ತಾ ನಾಲ್ಕೂ ಗೇರ್ ಹಾಕಿ ನೋಡ್ಬೇಕು. ಮುಚ್ಚಿದ ಮೇಲೆ ನೋಡ್ತೀನಿ ಅನ್ನೋರು ಎರಡು ಸಲ ಬಿಚ್ತಾರೆ.

ಇಷ್ಟೆಲ್ಲ ಯಾರಿಗೆ ಬೇಕು, ಗುಜರಿಯಿಂದ ಇಡೀ ಎಂಜಿನ್ನೇ ತಂದು ಕೂರಿಸಿದ್ರಾಯ್ತು ಅನ್ಸುತ್ತೆ. ಎಂಜಿನ್ ನಂಬರ್ ಕೊರೆದಿರೋದು ಆ ಕೇಸಿನ ಮೇಲೆ, ಗೇರ್‌ಬಾಕ್ಸ್ ಇರೋದೂ ಅದೇ ಕೇಸಿನಲ್ಲಿ. ಗೇರ್‌ಬಾಕ್ಸ್ ಬದಲಿಸೋ ನೆಪದಲ್ಲಿ ಕೇಸ್ ಬದಲಿಸಿದ್ರೆ ಆರ್‌ಸಿಯಲ್ಲಿರೋ ನಂಬರ್ ಬೇರೆ, ಗಾಡಿ ಮೇಲಿರೋದು ಬೇರೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆರ್‌ಟಿಓ ಇನ್‌ಸ್ಪೆಕ್ಟರ್ ಬಗ್ಗಿ ನಂಬರ್ ನೋಡೋದು ಆವಾಗಲೇ. ಎಂಜಿನ್ ಬದಲಿಸೋದು ಅಪರಾಧ ಅಲ್ಲ, ಆದ್ರೆ ಮೋಟಾರು ವಾಹನ ಕಾಯ್ದೆ ಪ್ರಕಾರ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸ್ಬೇಕು. ಗುಜರಿ ಎಂಜಿನ್ನಿಗೆ ಬಿಲ್ ಎಲ್ಲಿ? ಅದರ ಮೂಲ ಗಾಡಿ ಕಳುವಾಗಿದ್ದೋ ಏನೋ ಯಾರಿಗೆ ಗೊತ್ತು? ನಂಬರ್ ಇರೋ ಹೋಳು ಮಾತ್ರ ಉಳಿಸಿಕೊಂಡು ಇನ್ನೊಂದು ಹೋಳು ಬೇರೆಯದು ಹಾಕಿದ್ರೂ ತೊಂದರೆ. ಎರಡು ಹೋಳನ್ನ ಸಾಮಾನ್ಯವಾಗಿ ಜೋಡಿಯಾಗಿಯೇ ಬೋರ್ ಮಾಡಿರ್ತಾರೆ, ಬೇರೆ ಮನೆಯ ಹೋಳು ಸೇರಿದ್ರೆ ಶಾಫ್ಟುಗಳು ನೆಟ್ಟಗೆ ಕೂರಲ್ಲ.

2021ರಲ್ಲಿ ಬಂದ ವಿಂಟೇಜ್ ನಿಯಮಗಳು ಈ ಲೆಕ್ಕವನ್ನ ಇನ್ನಷ್ಟು ಬಿಗಿ ಮಾಡಿವೆ. 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳಿರೋ ಪ್ರತ್ಯೇಕ ನೋಂದಣಿ ಪಡೀಬಹುದು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ ಇಂಥದ್ದಕ್ಕೆ ಮಾತ್ರ. ಷರತ್ತು ಏನು ಅಂದ್ರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೈಸೂರಿನ ಮೊದಲ ಜಾವಾಗಳು ಈ ಗೆರೆ ದಾಟಿ ವರ್ಷಗಳಾದವು, ಮೊದಮೊದಲ ಯೆಜ್ಡಿಗಳೂ ದಾಟ್ತಿವೆ. ಅಂದ್ರೆ ಅಜ್ಜ ಬಿಟ್ಟುಹೋದ ಆ ಮೂಲ ಕೇಸು, ಗೇರು ಸವೆದಿದ್ರೂ, ಗುಜರಿಯ ಚೆಂದದ ಎಂಜಿನ್ನಿಗಿಂತ ಬೆಲೆಯುಳ್ಳದ್ದು. ದಯವಿಟ್ಟು ಅದನ್ನ ತೂಕಕ್ಕೆ ಹಾಕಬೇಡಿ.

ಅಂದಹಾಗೆ, ಅಂಗಡಿಯಲ್ಲಿರೋ ಹೊಸ ಯೆಜ್ಡಿಯ ಗೇರ್ ಇದಕ್ಕೆ ಹಾಕಬಹುದಾ ಅಂತ ಕೇಳೋರಿದ್ದಾರೆ. ಆಗಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ತಂದಿರೋದು ಪೂರ್ತಿ ಬೇರೆ ಎಂಜಿನ್. ಫೋರ್ ಸ್ಟ್ರೋಕ್, ನೀರಿನಿಂದ ತಣಿಯೋದು, ಆರು ಗೇರು. ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಬಿಡಿಭಾಗ ಬರಲಿಲ್ಲ.

ಹಾಗಾಗಿ ಉಳಿದಿರೋ ದಾರಿ, ಗೇರನ್ನೇ ಹೊಸದಾಗಿ ಕಡೆಸೋದು. ಪೀಣ್ಯದಂಥ ಕಡೆ ಗೇರ್ ಕಟಿಂಗ್ ಮಾಡೋ ವರ್ಕ್‌ಶಾಪುಗಳಿವೆ. ಒಂದೇ ಒಂದು ಗೇರ್ ಕಡೆಸೋಕೆ ಹೋದ್ರೆ ದುಬಾರಿ, ಯಾಕಂದ್ರೆ ಅಳತೆ, ಕಟ್ಟರ್, ಶಾಖ ಸಂಸ್ಕಾರ ಎಲ್ಲದರ ಖರ್ಚು ಆ ಒಂದರ ಮೇಲೇ ಬೀಳುತ್ತೆ. ಇಪ್ಪತ್ತು ಮೂವತ್ತು ಜನ ಸೇರಿ ಒಟ್ಟಿಗೆ ಮಾಡಿಸಿದ್ರೆ ಹಂಚಿಹೋಗುತ್ತೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಬೆಂಗಳೂರು, ಮೈಸೂರಲ್ಲಿ ನೂರಾರು ಗಾಡಿ ಸೇರುತ್ತವಲ್ಲ, ಅಲ್ಲಿಗೆ ಬರೀ ರೀಲ್ಸ್ ಮಾಡೋಕೆ ಹೋಗ್ಬೇಡಿ. ಯಾರ ಹತ್ರ ಯಾವ ಗೇರ್ ಇದೆ, ಯಾರಿಗೆ ಯಾವುದು ಬೇಕು ಅಂತ ಕೇಳಿ. ಅಲ್ಲಿ ಹಳೇ ಕೈಗಳೂ ಸಿಗ್ತಾರೆ, ಪುಸ್ತಕದಲ್ಲಿ ಇಲ್ಲದ್ದನ್ನ ಹೇಳಿಕೊಡ್ತಾರೆ.

ಅದಕ್ಕೂ ಮುಂಚೆ, ಈ ಭಾನುವಾರವೇ ಮಾಡಬಹುದಾದ ಕೆಲಸ ಒಂದಿದೆ. ಗಾಡಿಯ ಕೆಳಗೆ ಒಂದು ಬಟ್ಟಲಿಟ್ಟು ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ಬಿಚ್ಚಿ. ಎಷ್ಟು ಎಣ್ಣೆ ಬಂತು ಅಂತ ಅಳೆಯಿರಿ, ಬೆರಳಲ್ಲಿ ಉಜ್ಜಿ ನೋಡಿ, ಮೂಸಿ ನೋಡಿ. ಹಾಕಿದ್ದಕ್ಕಿಂತ ಬಹಳ ಕಡಿಮೆ ಬಂದ್ರೆ, ಹೊರಗೆ ಎಲ್ಲೂ ಸೋರಿಲ್ಲ ಅಂದ್ರೆ, ಅದು ಹೊಗೆಯಾಗಿ ಹೋಗಿದೆ. ಪೆಟ್ರೋಲ್ ವಾಸನೆ ಬಂದ್ರೆ ಸೀಲ್ ಆಚೆಯಿಂದ ಮಿಶ್ರಣ ಈಚೆಗೆ ಬರ್ತಿದೆ. ಎಣ್ಣೆಯಲ್ಲಿ ಬೆಳ್ಳಿ ಪುಡಿಯ ಥರ ಮಿಂಚಿದ್ರೆ ಅದು ಗೇರಿನ ಚರ್ಮ. ಮೊದಲ ಎರಡರಲ್ಲಿ ಒಂದಾದ್ರೆ ಸೀಲ್ ಬದಲಿಸೋ ಖರ್ಚಿನಲ್ಲೇ ಮುಗಿಯೋ ಸಾಧ್ಯತೆ ಇದೆ. ಮೂರನೆಯದಾದ್ರೆ ಕಿಕ್ ಹೊಡೀಬೇಡಿ, ಫೋನಲ್ಲಿ ಜಾಗ ಖಾಲಿ ಮಾಡ್ಕೊಳ್ಳಿ, ತುಂಬಾ ಫೋಟೋ ತೆಗೀಬೇಕಾಗುತ್ತೆ.